ಒಂದು ಕ್ಯಾಲೊರಿ

ದುರ್ಗಿಗುಡಿಯ ಪ್ರೆಸ್ಸಿನಲ್ಲಿ ಕೂತು
ಚಹಾ ಪೊಟ್ಟಣಕ್ಕೆ ಲೇಬಲ್ಲು ಜೋಡಿಸುತ್ತಿದ್ದೇನೆ.
ಕುದಿಸಿ ಸೋಸಿದ ನೂರು ಮಿಲಿಗೆ,
ಹಾಲು ಸಕ್ಕರೆ ಬಿಟ್ಟು:
ಕೊಬ್ಬು ಸೊನ್ನೆ. ಪ್ರೋಟೀನು ಸೊನ್ನೆ.
ಶಕ್ತಿ, ಒಂದು.

"ಒಂದೇ ತಾನೆ, ಅದನ್ನೂ ಸೊನ್ನೆ ಮಾಡು ಫ್ಲೋರಿನ್,
ಸಾಲು ನೇರ ಕಾಣ್ತದೆ" ಅಂದರು ಮಾಲೀಕರು.
"ಅಷ್ಟು ಸಣ್ಣದು ಲೆಕ್ಕಕ್ಕಿಲ್ಲವಂತೆ."

ಅಳಿಸಿದೆ.

ಮೂರೂವರೆಗೆ ಜೈನಾಬಿ ತಂದಿಟ್ಟಳು ಕಪ್ಪು ಚಾ.
ಇವತ್ತು ನನಗೆ ಊಟವೂ ಅದೇ;
ಬುತ್ತಿ ಒಂದೇ ಇತ್ತು, ಮಗಳ ಬ್ಯಾಗಿಗೆ ಹೋಯಿತು.
ಸುಡುವ ಲೋಟ ಸೆರಗಲ್ಲಿ ಹಿಡಿದು ಕುಡಿದೆ.
ಒಗರು ನಾಲಿಗೆಯ ಬದಿಗೆ ಹತ್ತಿತು,
ಮಂಜಾಗಿದ್ದ ಅಕ್ಷರ ತಿಳಿಯಾದವು.
ಅಪ್ಪೆಮಿಡಿ ಉಪ್ಪಿನಕಾಯಿಯ ಲೇಬಲ್ಲು ಇನ್ನೂ ಬಾಕಿ.

ಅದಕ್ಕೆ ಮೊದಲು ಹಿಂದೆ ಹೋಗಿ
ಆ ಒಂದನ್ನು ಮತ್ತೆ ಹಾಕಿದೆ.
ಸೊನ್ನೆಗಳ ಕೆಳಗೆ ಬಡಕಲಾಗಿ
ಕೂದಲೆಳೆಯಷ್ಟು ಎಡಕ್ಕೆ ವಾಲಿದೆ.
ಇರಲಿ.