ಮೈಲಿಗೆ ಕೋಟು

ಮೂವತ್ತೇಳು ವರ್ಷದಿಂದ ಈ ಸ್ಟೇಡಿಯಮ್ಮಿನ ಹೊಟ್ಟೆಯೊಳಗೆ
ಒಂದೇ ಬಣ್ಣ ಒಗೆಯುತ್ತಿದ್ದೇನೆ, ಇಟ್ಟಿಗೆಗೆಂಪು.
ಹುಲ್ಲಿನ ಕಲೆಗೆ ವಿನಿಗರ್, ನೆತ್ತರಿಗೆ ತಣ್ಣೀರು.
ಸೋತ ಶನಿವಾರದ ಬೆವರು ಬೇರೆಯೇ ನಾರುತ್ತದೆ,
ನಂಬದಿದ್ದರೆ ಬಿಡಿ.

ಸಂಜೆ ಒಂಬತ್ತನೇ ನಂಬರು ಬಂದ. ಬ್ರೆಕನ್ ಸ್ಟಾಲ್.
ಗದ್ದದ ಮೊಡವೆ ಇನ್ನೂ ಆರದ ಹುಡುಗ,
ಬೆರಳಿಗೆ ಸಿಕ್ಕಿಸಿಕೊಂಡ ಹೊಸ ಟ್ರಕ್ಕಿನ ಕೀಲಿ.
ಹೈವೇ ಪಕ್ಕದ ಫಲಕದಲ್ಲಿ ಅವನು ನಲವತ್ತಡಿ,
ವಾಸ್ಬರ್ಗ್ ಹಂದಿಮೇವಿನ ಮೂಟೆಯನ್ನು
ಎಳೆಗೂಸಿನ ಹಾಗೆ ಎತ್ತಿಕೊಂಡು ನಗುತ್ತಾನೆ.
ಹಂದಿಯ ಹತ್ತಿರ ಹೋಗಿಯೇ ಇಲ್ಲವಂತೆ, ಮೊನ್ನೆ ಒಪ್ಪಿಕೊಂಡ.

ಅವನ ಮುಂದೆ ಗೋಡೆಯಾಗಿ ನಿಲ್ಲುವ ಐವರಿಗೆ
ಬುಧವಾರ ಬುಧವಾರ ಪುಕ್ಕಟೆ ಪಕ್ಕೆಲುಬು. ಸಾಸಿಗೆ ಬೇರೆ ದುಡ್ಡು.
ಹತ್ತು ಸಾವಿರ ಮೀಟರ್ ಓಡುವ ಡೆಲ್ಫೀನಾಗೆ
ಒಂದು ಡಬ್ಬಿ ನೋವಿನ ಮುಲಾಮು.

'ಮಿಸ್ ಓರ್ಲೀನ್, ಇದನ್ನೊಮ್ಮೆ ಓದ್ತೀರಾ?
ವಕೀಲರು ಓದಿದಾರೆ, ಅಪ್ಪ ಓದಿದಾರೆ,
ನಾನೇ ಓದಿಲ್ಲ.'
ಡ್ರೈಯರಿನ ಮೇಲೆ ಹರಡಿದೆವು. ಕಾಗದ ಬಿಸಿಯಾಯಿತು.
ಹೆಸರು ಅವರದು, ಮುಖ ಅವರದು,
ಸೊಟ್ಟ ಸಹಿಯೂ ಅವರದು, ಬರುವ ಜೂನ್ ಮೂವತ್ತರ ತನಕ.
ಮೊಣಕಾಲೊಂದು ಅವನದೇ.
ಅದು ಮುರಿದರೆ ಹದಿನಾಲ್ಕನೇ ಕಲಮು ನೋಡಿ.

ಕೆಳಗೆ, ಹಾರ್ಲನ್ ವಾಸ್ಬರ್ಗ್.
ಆ ಹೆಸರು ಕಂಡದ್ದೇ ನನ್ನ ಕೈ ಕಪಾಟಿನತ್ತ ಹೋಯಿತು.

ಎಂಬತ್ತೊಂಬತ್ತರ ನವೆಂಬರು. ನನಗೆ ಕೆಲಸ ಹೊಸದು.
ಲೂಯಿಸಿಯಾನದ ಜೌಗಿನಿಂದ ಬಂದಿದ್ದ ಕ್ಲಿಯೋಫಸ್ ಟಿಬ್ಸ್
ಮೊದಲ ಹಿಮದ ದಿನ ಟವೆಲ್ ಹೊದ್ದು ತರಗತಿಗೆ ಹೋದ.
ವಾಸ್ಬರ್ಗನಿಗೆ ಆಗ ಒಂದೇ ಅಂಗಡಿ, ಒಂದೇ ಗಡಿಯಾರ.
ಕರೆದು ಕೋಟು ತೊಡಿಸಿದ.
ಒಂಟೆಬಣ್ಣದ ಉಣ್ಣೆ. ಅರವತ್ತೆಂಟು ಡಾಲರ್.

ಆಗ ಆಟಕ್ಕೊಂದು ಮಡಿಯಿತ್ತು.
ಟಿಕೆಟ್ ಹರಿಯುವವನು ದುಡ್ಡು ಮುಟ್ಟಬಹುದು,
ಕೋಚು ಮುಟ್ಟಬಹುದು, ಟಿವಿಯವರು ಬಾಚಿಕೊಳ್ಳಬಹುದು,
ಕಡಲೆಕಾಯಿ ಮಾರುವ ಮುದುಕನೂ ಎಣಿಸಿಕೊಳ್ಳಬಹುದು.
ಆಡುವವನು ಮುಟ್ಟಿದರೆ ಮೈಲಿಗೆ.

ಟೈ ಕಟ್ಟಿದ ಮೂವರು ಬಂದರು. ಈ ಕೋಣೆಯಲ್ಲೇ,
ಈ ಸ್ಟೂಲಿನ ಮೇಲೇ ಕೂರಿಸಿ ಕೇಳಿದರು.
ಕೋಟು ನೋಡಿದೆಯಾ? ನೋಡಿದೆ.
ಯಾರು ಕೊಟ್ಟದ್ದು, ಗೊತ್ತಾ? ಗೊತ್ತು.
ಸತ್ಯ ಹೇಳುವುದು ನನಗೆ ಅಷ್ಟು ಸಲೀಸಾಗಿತ್ತು,
ನನ್ನ ಮೈಮೇಲೆ ಕೋಟಿತ್ತು.

ಟಿಬ್ಸ್ ಬಸ್ಸು ಹತ್ತಿದ. ಕೋಟನ್ನು ಮೊಳೆಗೆ ನೇತುಹಾಕಿ ಹೋದ,
ಗುಂಡಿಗಳನ್ನೆಲ್ಲ ಹಾಕಿ, ಒಳಗೆ ಯಾರೋ ಇದ್ದ ಹಾಗೆ.
ವಾಸ್ಬರ್ಗ್ ಮೂರು ವರ್ಷ ಅಂಗಳ ತುಳಿಯಬಾರದೆಂದಾಯಿತು.
ಅಂಗಡಿಯ ಮಾಡು ಹತ್ತಿ ದುರ್ಬೀನಿನಲ್ಲಿ ನೋಡಿದ.
ಈಗ ಉತ್ತರದ ಗ್ಯಾಲರಿಗೆ ಅವನ ತಾಯಿಯ ಹೆಸರು.

ಬ್ರೆಕನ್ ಕೋಟು ಹಾಕಿ ನೋಡಿದ. ತೋಳು ಗಿಡ್ಡ.
'ಅರವತ್ತೆಂಟಾ?' ಅಂತ ನಗಲು ಹೊರಟವನು
ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ.
'ಇದನ್ನ ಅವರಿಗೆ ಕಳಿಸಬಹುದಿತ್ತಲ್ಲ?'
ಮೊದಮೊದಲು ವಿಳಾಸ ಇರಲಿಲ್ಲ, ಅಂದೆ.
'ಆಮೇಲೆ?'
ಆಮೇಲೆ ವಿಳಾಸ ಸಿಕ್ಕಿತು.

ಮೆಷಿನ್ನು ಕೂಗಿತು. ಹುಡುಗ ಡ್ರೈಯರಿನ ಮೇಲೆಯೇ ಸಹಿ ಮಾಡಿದ,
ಕೆಳಗಿನ ನಡುಕಕ್ಕೆ ಅಕ್ಷರ ಅಲುಗಿತು.
ತಪ್ಪೇನಿಲ್ಲ. ಅವನಿಗೆ ಸಿಗಲಿ, ಇನ್ನೂ ಸಿಗಲಿ.
ಟ್ರಕ್ಕಿನ ಸದ್ದು ಧಾನ್ಯದ ಗೋಪುರ ದಾಟುವ ತನಕ
ಅಂಗಿಗಳನ್ನು ನಂಬರಿನ ಪ್ರಕಾರ ಮಡಿಸಿದೆ.

ಕೋಟು ಮತ್ತೆ ಕಪಾಟಿಗೆ.
ವರ್ಷಕ್ಕೊಮ್ಮೆ, ಎಲೆ ಉದುರುವಾಗ,
ಹೊರಗೆ ತಂದು ಕೊಡವುತ್ತೇನೆ, ಬಿಸಿಲು ತೋರಿಸುತ್ತೇನೆ.
ಒಗೆಯುವ ಹಾಗಿಲ್ಲ.
ನೀರಿಗೆ ಹಾಕಬಾರದೆಂದು
ಕೊರಳಪಟ್ಟಿಯ ಒಳಗೆ ಬರೆದಿದೆ.