ಏನ್ ಕಳ್ಕಂಡೀರವ್ವಾ?

ಮನೆಯಲ್ಲಿ ಮದುವೆಗೆಂದು ಹೇಳಿದ್ದೆ.
ಅದಕ್ಕೇ ಜರಿಯಂಚಿನ ಹಸಿರು ಸೀರೆ,
ಸೀರೆಯಡಿ ಮಗನ ಹಳೇ ಬೂಟು.
ಬಸ್‌ಸ್ಟ್ಯಾಂಡಿನಲ್ಲಿ ನೋಡಿದವಳೇ ಮೆಹಬೂಬಿ
ಬಾಯಿಗೆ ಸೆರಗೊತ್ತಿ ನಕ್ಕಳು:
'ಯಾರ್ ಮದಿವಿ ಇದು, ಪೊಲೀಸ್ರುದ್ದಾ?'

ಆರು ದಿನ ನಾವು ದಾವಣಗೆರೆಯ ಭಟ್ಟಿಯವರು.
ಕಾದ ಮರಳು, ಹೊಟ್ಟಿನ ಹೊಗೆ,
ಜರಡಿ ಆಡಿಸಿ ಆಡಿಸಿ ಮೊಳಕೈಯಲ್ಲಿ ಕೂತ ನೋವು.
ರಾತ್ರಿ ಜಡೆ ಬಿಚ್ಚಿದರೆ
ದಿಂಬಿನ ತುಂಬ ಮಂಡಕ್ಕಿ ವಾಸನೆ.
ಊರೆಲ್ಲ ಸಂಜೆ ಮೆಣಸಿನಕಾಯಿ ಜೊತೆ ಮುಕ್ಕುವ ಆ ಹಗುರ
ಎಷ್ಟು ಭಾರವೆಂದು
ಚೀಲ ಹೊರುವ ಬೆನ್ನನ್ನು ಕೇಳಬೇಕು.

ಏಳನೇ ದಿನ, ದುರ್ಗದ ಬಸ್ಸು.
ಕೋಟೆಗಲ್ಲ. ಕೋಟೆಗೆ ಟಿಕೆಟ್ಟುಂಟು, ಗೈಡುಂಟು,
ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವ ಶಾಲೆಮಕ್ಕಳುಂಟು.
ನಮ್ಮದು ಜೋಗಿಮಟ್ಟಿಯ ಈಚೆ
ಗಾಳಿ ಫ್ಯಾನುಗಳ ಸಾಲಿನಲ್ಲಿ ಒಂದು ಗುಡ್ಡ;
ಹೆಸರು ಕೇಳಿದರೆ ಆಟೋದವನೂ ತಲೆ ಕೆರೆದ.
'ಮ್ಯಾಲೆ ಯಾವ್ ದೇವ್ರೈತಮ್ಮ?'
'ಯಾವ್ದೂ ಇಲ್ಲ.'
'ಮತ್ತ್ಯಾಕೆ?'
ಬಾಡಿಗೆ ಇಸಕೊಂಡ ಮೇಲೂ, ಪಾಪ,
ಸ್ವಲ್ಪ ಹೊತ್ತು ನಿಂತು ನೋಡಿದ.

ಮೊದಲು ಬಂದರಿಕೆ, ಆಮೇಲೆ ಕಾರೆಮುಳ್ಳು,
ಆಮೇಲೆ ಬರೀ ಕಲ್ಲು.
ಒಂದರ ಹೆಗಲ ಮೇಲೊಂದು ಕೂತ ಗುಂಡುಗಳು,
ಈಗ ಬಿದ್ದೇವು, ಆಗ ಬಿದ್ದೇವು ಎನ್ನುತ್ತಲೇ
ಯಾವ ಕಾಲದಿಂದಲೋ ಬೀಳದೆ.
ಸಂದಿಯಲ್ಲಿ ಯಾರೂ ನೆಡದ ಸೀತಾಫಲ, ಕಣ್ಣು ಬಿಟ್ಟದ್ದು.
ಮೆಹಬೂಬಿ ಬೀಜವನ್ನು ದೂರಕ್ಕೆ ಉಗಿದು
'ನಾನೂ ಒಂದ್ ಗಿಡ ಹಚ್ದೆ' ಅಂದಳು.
ಅವಳ ಮಂಡಿ ಕಟಕಟ. ನನ್ನ ಉಸಿರು ಹಳೇ ತಿದಿ.
ಬೂಟು ಬಿಚ್ಚಿ ಲಾಡಿ ಹೆಣೆದು ಕೊರಳಿಗೆ ಹಾಕಿಕೊಂಡೆ.
ಬರಿಗಾಲಿಗೆ ಬಂಡೆ
ಎಮ್ಮೆಯ ಬೆನ್ನಿನ ಹಾಗೆ ಒರಟು, ಇನ್ನೂ ತಣ್ಣಗೆ.

ಅರ್ಧದಲ್ಲಿ ಬೋರಯ್ಯ ಸಿಕ್ಕ.
ನಲವತ್ತು ಆಡು, ಒಂದು ಕೋಲು, ಕೊರಳಲ್ಲಿ ಮೊಬೈಲು.
'ಏನ್ ಕಳ್ಕಂಡೀರವ್ವಾ?'
ಈ ಕಡೆ ಹೆಂಗಸರು ಗುಡ್ಡ ಹತ್ತುವುದು
ಸೌದೆಗೆ, ಹರಕೆಗೆ, ತಪ್ಪಿಸಿಕೊಂಡ ಮರಿಗೆ.
ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.
'ಏನೂ ಇಲ್ಲಣ್ಣ. ಸುಮ್ಕೆ ಬಂದ್ವಿ.'
'ಸುಮ್ಕೆ.'
ಆ ಮಾತನ್ನು ಆತ ನಾಲಿಗೆ ಮೇಲೆ ಹೊರಳಿಸಿದ,
ಹುಳಿಯೋ ಸಿಹಿಯೋ ತಿಳಿಯದ ಕಾಯಿಯ ಹಾಗೆ.
ಆಮೇಲೆ ಕೋಲೆತ್ತಿ ಹತ್ತಿರದ ದಾರಿ ತೋರಿಸಿದ;
ಕರಡಿ ಇಳಿಯುವ ದಾರಿ ಬೇರೆ, ಅದನ್ನೂ.

ತುದಿ.
ತುದಿಯೆಂದರೆ ಹೆಚ್ಚೇನಿಲ್ಲ,
ನಮ್ಮ ಓಣಿಯ ಕಟ್ಟೆಯಷ್ಟಗಲ ಬಂಡೆ.
ಮತ್ತೆ ಗಾಳಿ.
ಭಟ್ಟಿಯ ಗೋಡೆಯಲ್ಲೊಂದು ಕಿಂಡಿ ಇದೆ, ಹೊಗೆ ಹೋಗಲೆಂದು ಬಿಟ್ಟದ್ದು.
ಅದರಾಚೆ ಇಷ್ಟು ಇತ್ತಾ?
ಇಷ್ಟು ವರ್ಷ ಬರೀ ಹೊಗೆಯನ್ನು ಕಳಿಸಿದೆವಲ್ಲ.

ಸೀರೆ ಪಟಪಟ.
ಕೆಳಗೆ ಸೂರ್ಯಕಾಂತಿಯ ಹೊಲ, ಮೆಕ್ಕೆಜೋಳ,
ಹೆದ್ದಾರಿ ಯಾರೋ ಎಳೆದು ಬಿಸಾಡಿದ ಲಂಗದ ಲಾಡಿ.
ದಾವಣಗೆರೆ ಆ ಮಬ್ಬಿನಲ್ಲೆಲ್ಲೋ ಇದ್ದೀತು.
ಬುತ್ತಿಗೆ ತಂದ ಮಂಡಕ್ಕಿ ಪೊಟ್ಟಣ ಬಿಚ್ಚಿದ್ದೇ ತಡ
ಗಾಳಿ ಅರ್ಧ ತಿಂದಿತು.

ಮೆಹಬೂಬಿ ಎದ್ದಳು. ಬಂಡೆಯಂಚಿಗೆ ಹೋಗಿ
ಎರಡೂ ಕೈ ಬಾಯಿಗೆ ಹಿಡಿದು
ತನ್ನ ಹೆಸರನ್ನು ತಾನೇ ಕೂಗಿದಳು.
ಮನೆಯಲ್ಲಿ ಅವಳು ಅಮ್ಮಿ. ಭಟ್ಟಿಯಲ್ಲಿ 'ಏ ಇವ್ಳೇ'.
ಎದುರು ಗುಡ್ಡ ಸ್ವಲ್ಪ ಯೋಚಿಸಿ
ಅರ್ಧ ಹೆಸರು ವಾಪಸು ಕೊಟ್ಟಿತು:
ಬೂಬೀ.

ಆಗಲೇ ನನ್ನೊಳಗೆ ಏನೋ ಚಟ್ ಎಂದದ್ದು.
ಕಾದ ಮರಳಿಗೆ ಬಿದ್ದ ಮೊದಲ ಅಕ್ಕಿ.
ಆಮೇಲೆ ಚಟ್, ಚಟ್,
ಆಮೇಲೆ ಯಾರ ಕೈಯಲ್ಲೂ ಇರಲಿಲ್ಲ.
ಪಕ್ಕೆ ಹಿಡಿಯುವ ತನಕ ನಕ್ಕೆವು, ಕಾರಣವಿಲ್ಲದೆ,
ಐವತ್ತು ದಾಟಿದ ಇಬ್ಬರು ಹೆಂಗಸರು,
ಮೇಲೊಂದು ಹದ್ದು ಗಾಬರಿಯಾಗಿ ದೂರ ಸರಿಯುವಷ್ಟು.

ರಾತ್ರಿ ಅತ್ತೆ ಕೇಳಿದರು, ಮದುವೆ ಹೆಂಗಾತು.
'ಚೊಲೋ ಆತು. ಊಟಕ್ಕೆ ಸೀತಾಫಲ ಇತ್ತು.'
'ಹುಡ್ಗ ಹೆಂಗಿದ್ದ?'
ಸೀರೆಯಂಚಿಗಂಟಿದ ಹುಲ್ಲುಮುಳ್ಳು ಒಂದೊಂದೇ ಕೀಳುತ್ತ
ಸ್ವಲ್ಪ ಯೋಚಿಸಿ ಅಂದೆ:
'ಎತ್ತರ ಇದ್ದ.'