ಶಿಲ್ಕು

ರಾತ್ರಿ ಹನ್ನೊಂದೂಕಾಲು. ಮುಲುಂಡ್ ಪೂರ್ವ, ಮೂರನೆಯ ಮಾಳಿಗೆ.
ಇಂದುಮತಿ ಮಲಗಿದ್ದಾಳೆ, ಅಥವಾ ಮಲಗಿದವಳ ಹಾಗೆ ಇದ್ದಾಳೆ.
ನಾನು ಲೆಕ್ಕಕ್ಕೆ ಕೂತಿದ್ದೇನೆ.

ಮೂವತ್ತೊಂದು ವರ್ಷ ಫೋರ್ಟಿನ ಹೋಟೆಲಿನ ಗಲ್ಲಾದಲ್ಲಿ ಕೂತವನಿಗೆ
ಈ ಹೊತ್ತಿನಲ್ಲಿ ಬೇರೇನು ಬರುತ್ತದೆ?
ಆಗ ಜಮೆ, ಖರ್ಚು, ಶಿಲ್ಕು.
ಈಗ ಲ್ಯಾಮಿಂಗ್ಟನ್ ರೋಡಿನಿಂದ ತಂದ
ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಡಬ್ಬಿ,
ಎರಡನೇ ಕೈಯ ಲ್ಯಾಪ್‌ಟಾಪು, ಎರಡು ಕೇಬಲ್ಲು,
ಒಂದು ಸಂಶಯ:
ಒಳಗೆ ಇಟ್ಟದ್ದು ಇಟ್ಟ ಹಾಗೇ ಹೊರಗೆ ಬರುತ್ತಿದೆಯೋ,
ನಡುವೆ ಯಾರಾದರೂ ಕೈ ಹಾಕುತ್ತಿದ್ದಾರೋ?

ಫಿರ್ದೋಶ್ ಬೆಸುಗೆ ಹಾಕುತ್ತಲೇ ಹೇಳಿದ್ದ,
'ಕಿವಿಯನ್ನು ನಂಬಬೇಡಿ ಅಂಕಲ್, ಕಿವಿ ದೊಡ್ಡ ಲಂಚಕೋರ.
ಹೊಸ ಕೇಬಲ್ ಕಂಡರೆ ಸಾಕು, ಚೆನ್ನಾಗಿದೆ ಅನ್ನುತ್ತೆ.
ಒಳಗೆ ಹೋದದ್ದನ್ನು ಒಂದು ಕಡೆ ಇಡಿ.
ಹೊರಗೆ ಬಂದದ್ದನ್ನು ಹಿಡಿದು ಉಲ್ಟಾ ಮಾಡಿ.
ಎರಡನ್ನೂ ಕೂಡಿಸಿ. ಏನೂ ಉಳೀಬಾರದು.'
'ಏನೂ ಅಂದರೆ?'
'ಏನೂ ಅಂದ್ರೆ ಏನೂ.'

ಇದು ನನಗೆ ಬರುವ ಭಾಷೆ.
ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು ಚೀಟಿ,
ಒಂದೊಂದರ ಮೇಲೂ ಒಂದು ಅಂಕಿ.
ಚೀಟಿಗೆ ಚೀಟಿ ತಾಳೆಯಾಗಬೇಕು.

ಪರೀಕ್ಷೆಗೆ ಜನ ಪಿಟೀಲು ಇಡುತ್ತಾರಂತೆ, ತಬಲ ಇಡುತ್ತಾರಂತೆ.
ನಾನು ಐತಪ್ಪನನ್ನು ಇಟ್ಟೆ.
ಹೋಟೆಲು ಮುಚ್ಚುವ ದಿನ ಗಲ್ಲಾದ ಕೆಳಗೆ
ಟೇಪ್‌ರೆಕಾರ್ಡರು ಅಡಗಿಸಿ ಹಿಡಿದದ್ದು:
'ದೋ ಇಡ್ಲಿ, ಸಾಂಬಾರ್ ಅಲಗ್!
ಏಕ್ ಮೈಸೂರು, ಬೆಣ್ಣೆ ಕಮ್ಮಿ!
ಏಳಕ್ಕೆ ಕಟಿಂಗ್, ಸಕ್ಕರೆ ಬೇಡ!'
ಒಳಗಿನಿಂದ ನಾರ್ಣನ ಒಂದು ಹ್ಞೂಂ.
ಕಾಗದವಿಲ್ಲ, ಪೆನ್ನಿಲ್ಲ, ಹದಿನಾಲ್ಕು ಮೇಜು, ಕಚೇರಿ ಬಿಡುವ ಗದ್ದಲ,
ಆದರೂ ಅಲಗ್ ಅಂದರೆ ಅಲಗೇ ಬರುತ್ತಿತ್ತು ಸಾಂಬಾರು.
ಅವನ ಮೂಲಕ ಹಾದ ಮಾತು
ಒಂದು ದಿನವೂ ಕದಡಿದ್ದಿಲ್ಲ.

ಮೊದಲ ಸಲ ಕೂಡಿಸಿದೆ. ಉಳಿಯಿತು.
ತೆಳ್ಳಗೆ, ನೆಲ ಒರೆಸಿದ ಮೇಲೆ ಉಳಿಯುವ ಪಸೆಯ ಹಾಗೆ.
ಹಿಗ್ಗಿಸಿ ಕೇಳಿದರೆ:
ಸ್ಟೀಲು ತಟ್ಟೆಯ ಅಂಚು, ಸಾಂಬಾರಿನ ಸ,
ಐತಪ್ಪನ ಕೊರಳಿನ ಮುಳ್ಳುಗಳಷ್ಟೇ,
ಐತಪ್ಪ ಇಲ್ಲ.

ತಿಂದವರು ಇಬ್ಬರು.
ಒಬ್ಬ, ಯಾರೂ ಕೇಳದೆ ನಲವತ್ತೆಂಟು ಸಾವಿರ ಮಾಡಿ
ಇಲ್ಲದ ಚೀಟಿ ಬರೆದು ತುರುಕುವ ಗುಮಾಸ್ತ.
ಅವನನ್ನು ಎಬ್ಬಿಸಿ ಕಳಿಸಿದೆ.
ಇನ್ನೊಂದು, ತೊಂಬತ್ತೆಂಟರಲ್ಲಿ ನಿಂತಿದ್ದ ವಾಲ್ಯೂಮು.
ಫೋನಿನಲ್ಲಿ ಫಿರ್ದೋಶ್ ನಕ್ಕ,
'ತಗ್ಗಿಸೋದೂ ತಿದ್ದೋದೇ ಅಂಕಲ್. ಎರಡೇ ಎರಡು ಇಳಿಸಿದ್ರೂ
ಎಲ್ಲ ಅಂಕಿನೂ ಬೇರೆ.'

ಅದೇ ಟೇಪಿನ ದಿನ, ಅದೇ ಗಲ್ಲಾದ ಮುಂದೆ ನಿಂತು ಐತಪ್ಪ ಅಂದಿದ್ದ,
'ಧಣಿಗೆ ಹೇಳಿ. ಎರಡು ವರ್ಷದ ಬೋನಸ್ಸು, ಹದಿನೆಂಟು ಸಾವಿರ.
ಕೊಡದೆ ನಾನು ಈ ಮೆಟ್ಟಿಲು ಇಳಿಯುವುದಿಲ್ಲ.'
ಒಳಗೆ ಹೋಗಿ ನಾನಂದದ್ದು,
'ಐತಪ್ಪನದು ಏನೋ ಸ್ವಲ್ಪ ಬಾಕಿಯಂತೆ,
ಅನುಕೂಲವಾದಾಗ ನೋಡಿ.'
ಧಣಿ ತಲೆಯಾಡಿಸಿದರು. ಒಂದು ಶಾಲು, ಒಂದು ಕೈಗಡಿಯಾರ.
ಐತಪ್ಪ ಮೆಟ್ಟಿಲು ಇಳಿದ.
ನಾನೇನೂ ಬದಲಿಸಲಿಲ್ಲ ಅಂದುಕೊಂಡಿದ್ದೆ ಇಷ್ಟು ದಿನ,
ಧ್ವನಿ ಒಂಚೂರು ತಗ್ಗಿಸಿದ್ದೆ, ಅಷ್ಟೆ.

ಹನ್ನೆರಡೂವರೆಗೆ ಮತ್ತೆ ಕೂಡಿಸಿದೆ.
ಪರದೆಯ ಮೇಲೆ ಗೆರೆ, ಗೆರೆಯಷ್ಟೇ.
ಹಿಗ್ಗಿಸಿದೆ. ಗೆರೆ.
ಇನ್ನೂ ಹಿಗ್ಗಿಸಿದೆ. ಗೆರೆ.
ಹೆಡ್‌ಫೋನು ತೆಗೆದರೆ ಟಾಂಕಿಗೆ ನೀರೇರಿಸುವ ಪಂಪು,
ಠಾಣೆಯ ಕಡೆಗೆ ಒಂದು ಲೋಕಲು.

'ತಾಳೆಯಾಯಿತಾ?' ಕತ್ತಲಿನಿಂದ ಇಂದುಮತಿ.
'ಡಬ್ಬಿಯದು ಆಯಿತು' ಅಂದೆ.
ಅವಳು ಆ ಕಡೆ ತಿರುಗಿ ಮಲಗಿದಳು.

ವಾಲ್ಯೂಮು ನೂರರಲ್ಲೇ ಇದೆ.
ಕೈ ಒತ್ತುಗುಂಡಿಯ ಮೇಲಿದೆ.
ಒತ್ತಿದರೆ ಇಡೀ ಚಾಳಿಗೆ ಕೇಳಿಸುತ್ತದೆ
ಸಾಂಬಾರ್ ಅಲಗ್.